ಹದಿನೆಂಟು ತುಂಬಿದವರ ಬಾಕಿ



ನಮ್ಮ ಸರ್ಕಾರಿ ಶಾಲೆಗಳ ಹಳೆಯ ದಾಖಲಾತಿ ಪುಸ್ತಕ ಬಿಚ್ಚಿದರೆ ಅರ್ಧ ಊರೇ ಜೂನ್ 1ರಂದು ಹುಟ್ಟಿದಂತೆ ಕಾಣುತ್ತದೆ. ಮಗುವನ್ನು ಒಂದನೇ ಕ್ಲಾಸಿಗೆ ಸೇರಿಸಲು ಬಂದ ಅಪ್ಪನಿಗೆ ಹುಟ್ಟಿದ ತಾರೀಖು ನೆನಪಿರುತ್ತಿರಲಿಲ್ಲ. ಮೇಷ್ಟ್ರು ಶಾಲೆ ಶುರುವಾಗುವ ದಿನಕ್ಕೆ ಹೊಂದಿಸಿ ಬರೆದುಕೊಳ್ಳುತ್ತಿದ್ದರು. ಈ ಸಭೆಯಲ್ಲೂ ಅಂಥ ಜೂನ್ ಒಂದರವರು ಕೆಲವರಿದ್ದೀರಿ, ನಗುತ್ತಿದ್ದೀರಿ. ಅದರಿಂದ ನಿಮಗೆ ಆದ ನಷ್ಟ ಹೆಚ್ಚೆಂದರೆ ನಿವೃತ್ತಿ ಒಂದು ವರ್ಷ ಹಿಂದೆಯೋ ಮುಂದೆಯೋ ಆದದ್ದು.

ಆದರೆ ಸರ್ಕಾರದ ಬಾಲಮಂದಿರದಲ್ಲಿ ಬೆಳೆದವರಿಗೆ ಆ ತಾರೀಖಿನ ಮೇಲೆ ಇಡೀ ಬದುಕು ನಿಂತಿರುತ್ತದೆ. ರೈಲ್ವೆ ಸ್ಟೇಷನ್ನಿನಲ್ಲಿ ಸಿಕ್ಕ ಹುಡುಗನಿಗೆ ಜನನ ಪ್ರಮಾಣಪತ್ರ ಎಲ್ಲಿಂದ ಬರಬೇಕು? ಶಾಲೆಯ ದಾಖಲೆಯೂ ಇಲ್ಲ, ಪಂಚಾಯಿತಿಯ ದಾಖಲೆಯೂ ಇಲ್ಲ ಎಂದಾದರೆ ಬಾಲನ್ಯಾಯ ಕಾಯ್ದೆಯ 94ನೇ ಕಲಂ ಮೂಳೆ ಪರೀಕ್ಷೆಗೆ ಕಳಿಸುತ್ತದೆ. ಆಸ್ಪತ್ರೆಯಲ್ಲಿ ಮಣಿಕಟ್ಟು, ಮೊಣಕೈಗಳ ಎಕ್ಸ್‌ರೇ ತೆಗೆದು ವೈದ್ಯರು ಒಂದು ಅಂದಾಜು ಬರೆದುಕೊಡುತ್ತಾರೆ. ಆ ಅಂದಾಜು ಎರಡು ವರ್ಷ ಆಚೀಚೆ ಆಗಬಹುದೆಂದು ಸುಪ್ರೀಂ ಕೋರ್ಟ್ 1982ರಲ್ಲೇ ಹೇಳಿದೆ. ಆದರೂ ಜಿಲ್ಲೆಯಲ್ಲಿ ಇಂಥ ಮಕ್ಕಳ ವಿಚಾರ ತೀರ್ಮಾನಿಸುವ ಮಕ್ಕಳ ಕಲ್ಯಾಣ ಸಮಿತಿ ಒಮ್ಮೆ ವಯಸ್ಸು ಬರೆದುಕೊಂಡಿತೆಂದರೆ ಕಾಯ್ದೆಯ ಪಾಲಿಗೆ ಅದೇ ನಿಜವಾದ ವಯಸ್ಸು. ಆ ಲೆಕ್ಕದಲ್ಲಿ ಹದಿನೆಂಟು ತುಂಬಿದ ದಿನ ಅವನು ಮಗುವಾಗಿ ಉಳಿಯುವುದಿಲ್ಲ, ಬಾಲಮಂದಿರದಲ್ಲೂ ಉಳಿಯುವಂತಿಲ್ಲ. ಸರ್ಕಾರವೇ ಊಹಿಸಿಕೊಟ್ಟ ಹುಟ್ಟುಹಬ್ಬದಂದು ಸರ್ಕಾರವೇ ಅವನನ್ನು ಹೊರಗೆ ಕಳಿಸುತ್ತದೆ.

ಇವತ್ತಿನ ನನ್ನ ಮಾತು ಅದರ ಮಾರನೆಯ ದಿನದ ಬಗ್ಗೆ. ಇನ್ನೂ ನೇರವಾಗಿ ಹೇಳುವುದಾದರೆ, ಆ ದಿನ ಅವನ ಜೇಬಿನಲ್ಲಿ ಎಷ್ಟು ಹಣ ಇರಬೇಕು, ಅದನ್ನು ಕೊಡಬೇಕಾದವರು ಯಾರು, ಕೊಡದಿದ್ದರೆ ಅವನು ಯಾರನ್ನು ಕೇಳಬೇಕು ಎಂಬುದರ ಬಗ್ಗೆ. ಮಕ್ಕಳ ಹಕ್ಕುಗಳ ಸಭೆಗಳಲ್ಲಿ ಪ್ರೀತಿ, ಮಮತೆ, ಆಪ್ತ ಸಮಾಲೋಚನೆಯ ಮಾತು ಧಾರಾಳವಾಗಿ ಬರುತ್ತದೆ. ಹಣದ ಮಾತು ಬಂದಾಗ ಎಲ್ಲರೂ ಗಡಿಯಾರ ನೋಡಿಕೊಳ್ಳುತ್ತಾರೆ. ನಾನು ವಕೀಲಿಕೆ ಮಾಡಿ ಬದುಕಿದವನು. ಹಣದ ಮಾತಾಡಲು ನನಗೆ ಸಂಕೋಚವಿಲ್ಲ.

ಒಂದು ಅವಧಿಗೆ ನಾನು ಒಂದು ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಯ ಸದಸ್ಯನಾಗಿದ್ದೆ. ಬಿಡುಗಡೆಯ ಕಡತ ಸಮಿತಿಯ ಮುಂದೆ ಬರುವಾಗ ಆ ಹುಡುಗನೋ ಹುಡುಗಿಯೋ ಜೊತೆಗೆ ಬಂದು ನಿಲ್ಲುತ್ತಾರೆ. ಹಾಗೆ ಬಂದ ಒಬ್ಬನ ಹತ್ತಿರ ತಗಡಿನ ಟ್ರಂಕು, ಲ್ಯಾಮಿನೇಟ್ ಮಾಡಿಸಿದ ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಒಂದು ಪಾಸ್‌ಬುಕ್ ಇದ್ದವು. ವಿದ್ಯಾರ್ಥಿವೇತನ, ಯಾರೋ ಕೊಟ್ಟ ಬಹುಮಾನ ಎಲ್ಲ ಸೇರಿ ಖಾತೆಯಲ್ಲಿ ಒಂದಷ್ಟು ಸಾವಿರ ಇತ್ತು. ಏನಾದರೂ ಕೇಳುವುದಿದೆಯೇನಪ್ಪ ಎಂದೆವು. ‘ಓಟಿಪಿ ಯಾರ ನಂಬರಿಗೆ ಬರುತ್ತೆ ಸಾರ್?’ ಎಂದ. ಖಾತೆ ತೆರೆಯುವಾಗ ಅವನಿಗೆ ಮೊಬೈಲ್ ಇರಲಿಲ್ಲ. ಆಗ ಅಲ್ಲಿದ್ದ ಸಿಬ್ಬಂದಿಯೊಬ್ಬರ ನಂಬರು ಕೊಟ್ಟಿದ್ದರು. ಅವರಿಗೆ ಬೇರೆ ಜಿಲ್ಲೆಗೆ ವರ್ಗವಾಗಿತ್ತು, ನಂಬರೂ ಬದಲಾಗಿತ್ತು. ಆಧಾರ್‌ಗೂ ಅದೇ ನಂಬರು. ಹಣ ಅವನದೇ, ಪಾಸ್‌ಬುಕ್ ಅವನ ಕೈಯಲ್ಲೇ ಇದೆ, ಆದರೆ ಎಟಿಎಂ ಕಾರ್ಡೂ ಬರುವಂತಿಲ್ಲ, ಫೋನ್‌ಪೇಯೂ ಆಗುವಂತಿಲ್ಲ. ಸರಿಪಡಿಸಲು ಆಧಾರ್ ಕೇಂದ್ರ, ಬ್ಯಾಂಕು, ಮತ್ತೆ ಆಧಾರ್ ಕೇಂದ್ರ ಎಂದು ಅಲೆಯಬೇಕಾಯಿತು. ಆ ಅಲೆದಾಟದ ಬಸ್ ಚಾರ್ಜೂ ಅವನ ಮೇಲೇ ಬಿತ್ತು.

ಇದನ್ನು ಯಾರನ್ನೋ ದೂರಲು ಹೇಳುತ್ತಿಲ್ಲ. ಗಂಟೆ ಹೊಡೆದಾಗ ತಿಂಡಿ, ಗಂಟೆ ಹೊಡೆದಾಗ ಊಟ, ವರ್ಷಕ್ಕೆ ಇಷ್ಟು ಜೊತೆ ಬಟ್ಟೆ ಎಂಬ ವ್ಯವಸ್ಥೆಯಲ್ಲಿ ಹತ್ತು ವರ್ಷ ಬೆಳೆದವನಿಗೆ ಒಂದು ಕೆಜಿ ಅಕ್ಕಿಗೆ ಎಷ್ಟು ಎಂದು ಗೊತ್ತಿರುವುದಿಲ್ಲ. ಗ್ಯಾಸ್ ಸಿಲಿಂಡರ್ ಬುಕ್ ಮಾಡಿ ಗೊತ್ತಿಲ್ಲ, ಕಿರಾಣಿ ಅಂಗಡಿಯಲ್ಲಿ ಸಾಲ ಹೇಳಿ ಗೊತ್ತಿಲ್ಲ. ನಮ್ಮ ಮನೆಯ ಮಕ್ಕಳು ಅಂಗಡಿಗೆ ಹೋಗಿ ಚಿಲ್ಲರೆ ಉಳಿಸಿಕೊಂಡು ಕಲಿಯುವ ಅರ್ಥಶಾಸ್ತ್ರ ಇವರಿಗೆ ಪಠ್ಯದಲ್ಲೂ ಸಿಗುವುದಿಲ್ಲ, ಮನೆಯಲ್ಲೂ ಸಿಗುವುದಿಲ್ಲ. ಅಂಥವರಿಗೆ ಒಂದೇ ದಿನ ಮನೆ, ಊಟ, ಕಾಲೇಜು, ಕೆಲಸ ಎಲ್ಲವನ್ನೂ ಒಟ್ಟಿಗೆ ಹುಡುಕಿಕೋ ಎನ್ನುತ್ತೇವೆ.

ಕಾಯ್ದೆಯಲ್ಲಿ ಹದಿನೆಂಟರ ನಂತರದ ನೆರವಿಗೆ ಜಾಗವೇ ಇಲ್ಲ ಎಂದು ತಿಳಿಯಬೇಡಿ. 1986ರ ಬಾಲನ್ಯಾಯ ಕಾಯ್ದೆಯಲ್ಲಿ ಇತ್ತು, 2000ದ ಕಾಯ್ದೆಯಲ್ಲಿ ಇತ್ತು, 2016ರ ಜನವರಿಯಲ್ಲಿ ಜಾರಿಗೆ ಬಂದ 2015ರ ಕಾಯ್ದೆಯಲ್ಲೂ ಇದೆ. ಇಲಾಖೆಯ ಮಾತಿನಲ್ಲಿ ಇದು ಅನುಪಾಲನೆ: ಹದಿನೆಂಟರಿಂದ ಇಪ್ಪತ್ತೊಂದರವರೆಗೆ, ವಿಶೇಷ ಸಂದರ್ಭದಲ್ಲಿ ಇನ್ನೆರಡು ವರ್ಷ. 2016ರ ಮಾದರಿ ನಿಯಮಗಳಲ್ಲಿ 25ನೆಯದನ್ನು ಓದಿದರೆ ಕಣ್ಣು ತಂಪಾಗುತ್ತದೆ. ಹೊರಹೋಗುವ ಎರಡು ತಿಂಗಳ ಮೊದಲೇ ಮುಂದಿನ ಬದುಕಿನ ಯೋಜನೆ ಸಿದ್ಧವಾಗಿ ಸಮಿತಿಯ ಮುಂದೆ ಬರಬೇಕು. ಆರರಿಂದ ಎಂಟು ಮಂದಿ ಸೇರಿ ಇರುವ ತಾತ್ಕಾಲಿಕ ಮನೆಗಳು ಇರಬೇಕು. ವೃತ್ತಿ ತರಬೇತಿ ಮುಗಿಯುವವರೆಗೆ ಭತ್ಯೆ, ಉನ್ನತ ಶಿಕ್ಷಣಕ್ಕೆ ವಿದ್ಯಾರ್ಥಿವೇತನ, ಕೆಲಸ ಸಿಗುವವರೆಗೆ ಆಸರೆ, ಸ್ವಂತ ಉದ್ಯೋಗಕ್ಕೆ ಸಾಲ, ಸಹಾಯಧನ. ಹಣ ನೇರ ಅವರ ಬ್ಯಾಂಕ್ ಖಾತೆಗೆ. ಇದನ್ನು ಬರೆದವರು ತಿಳಿದವರೇ.

ಆದರೆ ಮೂಲ ಕಾಯ್ದೆಯ 46ನೇ ಕಲಂ, ಹದಿನೆಂಟು ತುಂಬಿ ಸಂಸ್ಥೆ ಬಿಡುವವರಿಗೆ ಹಣಕಾಸಿನ ನೆರವು ನೀಡಬಹುದು ಎನ್ನುತ್ತದೆ, ಅಷ್ಟೇ. ಕೊಟ್ಟರೆ ಉಪಕಾರ, ಕೊಡದಿದ್ದರೆ ಆ ಹುಡುಗ ಯಾವ ಕೋರ್ಟಿನ ಮೆಟ್ಟಿಲು ಹತ್ತಿ ಏನೆಂದು ವಾದಿಸಬೇಕು? ನಿಯಮಗಳು ಎಷ್ಟೇ ಉದಾರವಾಗಿರಲಿ, ಅವು ಕಾಯ್ದೆಯ ನೆರಳಿನಲ್ಲಿ ನಿಂತಿರುತ್ತವೆ. ಹಾಗಾಗಿ ಅನುಪಾಲನೆ ಸಿಗುವುದು ಆ ಜಿಲ್ಲೆಯಲ್ಲಿ ಆ ವರ್ಷ ಯಾವ ಅಧಿಕಾರಿ ಇದ್ದಾರೆ, ಅನುದಾನ ಬಂದಿದೆಯೇ, ಹುಡುಗನಿಗೆ ಕೇಳುವ ಬಾಯಿ ಇದೆಯೇ ಎಂಬುದರ ಮೇಲೆ. ಉದಯನ್ ಕೇರ್ ಸಂಸ್ಥೆ 2019ರಲ್ಲಿ ಐದು ರಾಜ್ಯಗಳ ಅನುಪಾಲನೆಯ ಅಧ್ಯಯನವೊಂದನ್ನು ಪ್ರಕಟಿಸಿತು. ದೆಹಲಿ, ಗುಜರಾತ್, ಮಹಾರಾಷ್ಟ್ರ, ರಾಜಸ್ಥಾನಗಳ ಜೊತೆಗೆ ನಮ್ಮ ಕರ್ನಾಟಕವೂ ಅದರಲ್ಲಿತ್ತು. ಬಾಲಮಂದಿರ ಬಿಟ್ಟವರಲ್ಲಿ ಎಷ್ಟೋ ಜನರಿಗೆ ಯಾವ ಅನುಪಾಲನೆಯೂ ಸಿಕ್ಕಿರಲಿಲ್ಲ; ಇಂಥದೊಂದು ಸೌಲಭ್ಯ ಇದೆ ಎಂದೇ ತಿಳಿಯದವರೂ ಇದ್ದರು.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ, ಏಳಬೇಕಾದದ್ದೇ. ಮಕ್ಕಳ ಹಕ್ಕುಗಳ ಒಡಂಬಡಿಕೆಯ ಮೊದಲನೇ ಅನುಚ್ಛೇದವೇ ಹದಿನೆಂಟರ ಕೆಳಗಿನವರನ್ನು ಮಗು ಎನ್ನುತ್ತದೆ. ಹದಿನೆಂಟು ದಾಟಿದವನ ಊಟ ಬಾಡಿಗೆ ಮಕ್ಕಳ ಹಕ್ಕು ಹೇಗಾದೀತು? ವಿಶ್ವಸಂಸ್ಥೆ ಆ ಒಡಂಬಡಿಕೆಯನ್ನು 1989ರ ನವೆಂಬರ್ 20ರಂದು ಅಂಗೀಕರಿಸಿತು. ಭಾರತ 1992ರ ಡಿಸೆಂಬರ್‌ನಲ್ಲಿ ಒಪ್ಪಿಕೊಂಡಿತು. ಅದರ 20ನೇ ಅನುಚ್ಛೇದದ ಪ್ರಕಾರ ಕುಟುಂಬದ ಆಸರೆ ಕಳೆದುಕೊಂಡ ಮಗುವಿಗೆ ಸರ್ಕಾರದ ವಿಶೇಷ ರಕ್ಷಣೆ, ನೆರವು ಸಲ್ಲಬೇಕು. ಆ ರಕ್ಷಣೆ ಎಲ್ಲಿಗೆ ಮುಗಿಯುತ್ತದೆ ಎಂಬ ಪ್ರಶ್ನೆಗೆ 2009ರಲ್ಲಿ ವಿಶ್ವಸಂಸ್ಥೆಯೇ ಪರ್ಯಾಯ ಪಾಲನೆಯ ಮಾರ್ಗಸೂಚಿಯಲ್ಲಿ ಉತ್ತರ ಕೊಟ್ಟಿತು: ಸಂಸ್ಥೆಯಿಂದ ಸ್ವತಂತ್ರ ಬದುಕಿಗೆ ಹೋಗುವ ದಾರಿಯೂ ಪಾಲನೆಯ ಭಾಗ, ಅದರ ತಯಾರಿ ಮೊದಲೇ ಶುರುವಾಗಬೇಕು, ಹೊರಹೋದ ಮೇಲೂ ಬೆಂಬಲ ಮುಂದುವರಿಯಬೇಕು. ನನ್ನ ಉತ್ತರ ಇನ್ನಷ್ಟು ಸರಳ. ಹಕ್ಕು ಹುಟ್ಟಿದ್ದು ಬಾಲ್ಯದಲ್ಲಿ, ಸಲ್ಲಬೇಕಾದದ್ದು ಆಮೇಲೆ.

ಇದು ನಿಮಗೆ ಚೆನ್ನಾಗಿ ಅರ್ಥವಾಗುವ ವಿಷಯ, ಯಾಕೆಂದರೆ ದತ್ತಿ ಉಪನ್ಯಾಸಕ್ಕೆ ಬರುವವರಲ್ಲಿ ಪಿಂಚಣಿದಾರರೇ ಹೆಚ್ಚು. ಡಿಸೆಂಬರ್ 17 ಬಂದರೆ ನಿಮ್ಮ ಸಂಘಗಳಲ್ಲಿ ಪಿಂಚಣಿದಾರರ ದಿನ ಆಚರಿಸುತ್ತೀರಿ. 1982ರ ಆ ದಿನ ನಕಾರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಪಿಂಚಣಿ ಸರ್ಕಾರ ಮನಸ್ಸು ಬಂದಾಗ ಕೊಡುವ ಕೊಡುಗೆಯಲ್ಲ, ಹಿಂದೆ ಸಲ್ಲಿಸಿದ ಸೇವೆಯಿಂದ ಹುಟ್ಟಿದ ಹಕ್ಕು ಎಂದು ತೀರ್ಪಿತ್ತಿತು. ಅರವತ್ತಕ್ಕೆ ನೌಕರಿ ಮುಗಿಯಿತು, ಇನ್ನು ನಮಗೂ ನಿಮಗೂ ಸಂಬಂಧವಿಲ್ಲ ಎಂದು ಖಜಾನೆ ಹೇಳಿದರೆ ನೀವು ಸುಮ್ಮನಿರುತ್ತಿದ್ದಿರಾ? ಹದಿನೆಂಟಕ್ಕೆ ಬಾಲಮಂದಿರ ಬಿಟ್ಟವನಿಗೆ ಹೇಳುವುದು ಅದೇ ಮಾತು. ಅವನು ಸೇವೆ ಸಲ್ಲಿಸಿದ್ದಾನೆಯೇ ಎಂದು ಕೇಳಬಹುದು. ಅವನು ಸಲ್ಲಿಸಿಲ್ಲ, ಸರ್ಕಾರ ಅವನ ಹೊಣೆ ವಹಿಸಿಕೊಂಡಿದೆ. ಲಿಖಿತ ಆದೇಶ ಹೊರಡಿಸಿ ಅವನನ್ನು ತನ್ನ ಸುಪರ್ದಿಗೆ ತೆಗೆದುಕೊಂಡಿತು. ಯಾವ ಶಾಲೆ, ಯಾವ ಊರು, ಯಾರ ಜೊತೆ ಮಲಗಬೇಕು, ಅಮ್ಮನನ್ನು ಯಾವಾಗ ನೋಡಬೇಕು ಎಲ್ಲವನ್ನೂ ಅದೇ ತೀರ್ಮಾನಿಸಿತು. ತಂದೆಯ ಅಧಿಕಾರವನ್ನೆಲ್ಲ ಚಲಾಯಿಸಿದವರು ತಂದೆಯ ಖರ್ಚಿನಿಂದ ಮಾತ್ರ ಹುಟ್ಟುಹಬ್ಬದ ದಿನ ಜಾರಿಕೊಳ್ಳಲು ಬರುವುದಿಲ್ಲ.

ತಂದೆಗೆ ನಮ್ಮ ಕಾನೂನು ಏನು ಹೇಳುತ್ತದೆ ಎಂದು ಒಂದು ಗಳಿಗೆ ನೋಡೋಣ. 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆಯ 20ನೇ ಕಲಂ ಪ್ರಕಾರ ಸ್ವಂತ ದುಡಿಮೆಯಿಂದ ಬದುಕಲಾಗದ ಅವಿವಾಹಿತ ಮಗಳನ್ನು ತಂದೆ ಸಾಕಲೇಬೇಕು. 2020ರ ಸೆಪ್ಟೆಂಬರ್‌ನಲ್ಲಿ ಅಭಿಲಾಷಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಮತ್ತೆ ಸ್ಪಷ್ಟಪಡಿಸಿತು: ಮಗಳು ವಯಸ್ಕಳಾದಳು ಎಂಬ ಕಾರಣಕ್ಕೆ ಈ ಕಾಯ್ದೆಯ ಕೆಳಗಿನ ಹೊಣೆ ಮುಗಿಯುವುದಿಲ್ಲ. ಇಲ್ಲಿ ಸಾಕಬಹುದು ಎಂಬ ಮೆದು ಮಾತಿಲ್ಲ. ಮಗಳಿಗೆ ಹದಿನೆಂಟಾಯಿತು, ಇನ್ನು ಅವಳ ದಾರಿ ಅವಳಿಗೆ ಎಂದು ಕೈಬಿಟ್ಟ ಅಪ್ಪನನ್ನು ಕೋರ್ಟಿಗೆ ಎಳೆಯಲು ಮಗಳಿಗೆ ದಾರಿ ಮಾಡಿಕೊಟ್ಟ ಸರ್ಕಾರ, ತಾನೇ ಅಪ್ಪನಾದಾಗ ಅದನ್ನೇ ಮಾಡುತ್ತದೆ. ಕಾನೂನು ಓದಿದವನಾಗಿ ಇದಕ್ಕಿಂತ ಎದ್ದು ಕಾಣುವ ಇಬ್ಬಗೆಯನ್ನು ನಾನು ಹೆಚ್ಚು ಕಂಡಿಲ್ಲ.

ಹೆಣ್ಣುಮಕ್ಕಳ ಮಾತು ಬಂತು. ಬಾಲಮಂದಿರದಿಂದ ಹೊರಬಂದ ಹುಡುಗಿಗೆ ಮುಂದೆ ರಾಜ್ಯ ಮಹಿಳಾ ನಿಲಯದ ಬಾಗಿಲು ಇರುತ್ತದೆ. ಅಲ್ಲಿಂದ ಆಗಾಗ ಪತ್ರಿಕೆಗಳಲ್ಲಿ ಒಂದು ಚಿತ್ರ ಬರುತ್ತದೆ: ಜಿಲ್ಲಾಧಿಕಾರಿ ದಂಪತಿ ತಂದೆತಾಯಿಯ ಸ್ಥಾನದಲ್ಲಿ ನಿಂತು ಧಾರೆ ಎರೆಯುತ್ತಿರುವುದು, ಸಿಬ್ಬಂದಿಯೇ ಬೀಗರಾಗಿ ಓಡಾಡುತ್ತಿರುವುದು. ನೋಡಿದರೆ ಕಣ್ಣು ತುಂಬುತ್ತದೆ, ನನಗೂ ತುಂಬಿದೆ. ಆ ಮದುವೆಗಳಲ್ಲಿ ಸುಖವಾಗಿರುವವರು ಬೇಕಾದಷ್ಟು ಜನ ಇದ್ದಾರೆ. ಆದರೆ ಸರ್ಕಾರಕ್ಕೆ ತಾನು ತಂದೆ ಎಂಬುದು ಮಂಟಪದಲ್ಲಿ ಮಾತ್ರ ಯಾಕೆ ನೆನಪಾಗುತ್ತದೆ? ನರ್ಸಿಂಗ್ ಕಾಲೇಜಿನ ಫೀಸು ಕಟ್ಟುವ ಕೌಂಟರಿನ ಮುಂದೆ ಯಾಕೆ ನೆನಪಾಗುವುದಿಲ್ಲ? ಕೈಯಲ್ಲಿ ತಿಂಗಳಿಗಿಷ್ಟು ಎಂದು ಸ್ವಂತ ಹಣ ಇರುವ ಹುಡುಗಿ ಗಂಡು ನೋಡಲು ಬಂದಾಗ ಬೇಡ ಎನ್ನಬಲ್ಲಳು. ಹಣವಿಲ್ಲದವಳ ಒಪ್ಪಿಗೆಯನ್ನು ನಾನು ಪೂರ್ತಿ ಒಪ್ಪಿಗೆ ಎಂದುಕೊಳ್ಳಲಾರೆ.

ಈಗ ಅಂಕಿಗೆ ಬರೋಣ. 2022ರಲ್ಲಿ ಮಾರ್ಗಸೂಚಿ ಹೊರಬಂದ ಕೇಂದ್ರದ ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ಅನುಪಾಲನೆಗೆ ತಿಂಗಳಿಗೆ 4,000 ರೂಪಾಯಿ. ಅದಕ್ಕೆ ಮೊದಲು 2,000 ಇತ್ತು, ಆದ್ದರಿಂದ ಇಮ್ಮಡಿಯಾಯಿತು ಎಂದು ಹೇಳಿಕೊಳ್ಳಬಹುದು. ಕೇಂದ್ರ ನೂರಕ್ಕೆ 60, ರಾಜ್ಯ 40 ಭರಿಸುವ ಲೆಕ್ಕ. ಈ 4,000ದಲ್ಲಿ ಬೆಂಗಳೂರಿನಲ್ಲಿ ಮೂವರು ಹಂಚಿಕೊಳ್ಳುವ ಪಿಜಿ ರೂಮಿನ ಒಂದು ಮಂಚವೂ ಸಿಗುವುದು ಕಷ್ಟ. ಬಾಡಿಗೆ ಮನೆ ಎಂದರೆ ಮೊದಲು ಅಡ್ವಾನ್ಸು. ಬೆಂಗಳೂರಿನಲ್ಲಿ ಹತ್ತು ತಿಂಗಳ ಬಾಡಿಗೆಯನ್ನು ಒಟ್ಟಿಗೆ ಕೇಳುವ ಮಾಲೀಕರು ಇನ್ನೂ ಇದ್ದಾರೆ. ಕಾಲೇಜಿನ ಫೀಸು, ಬಸ್ ಪಾಸು, ಮೊಬೈಲ್ ರೀಚಾರ್ಜು, ಜ್ವರ ಬಂದರೆ ಔಷಧ ಎಲ್ಲ ಬೇರೆ. ಜಿಲ್ಲಾ ಕೇಂದ್ರದಲ್ಲಿ ಸ್ವಲ್ಪ ಅಗ್ಗ, ಆದರೆ ಕೆಲಸ ಇರುವುದು ಬೆಂಗಳೂರಿನಲ್ಲಿ. ಹೀಗಾಗಿ ಬಾಲಮಂದಿರ ಬಿಟ್ಟವರಲ್ಲಿ ಎಷ್ಟೋ ಹುಡುಗರು ಓದು ನಿಲ್ಲಿಸಿ, ಊಟ ವಸತಿ ಕೊಡುವ ಹೋಟೆಲ್ ಕೆಲಸಕ್ಕೋ ಸೆಕ್ಯುರಿಟಿ ಕೆಲಸಕ್ಕೋ ಸೇರುತ್ತಾರೆ. ಸಂಬಳಕ್ಕಿಂತ ಅಲ್ಲಿ ಸಿಗುವ ಮಲಗುವ ಜಾಗ ಮುಖ್ಯ.

ಕೊಡುವ ಮನಸ್ಸು ಬಂದರೆ ಕೊಡಲು ಆಗುತ್ತದೆ ಎಂಬುದಕ್ಕೆ ದೂರ ಹೋಗಬೇಕಿಲ್ಲ. ಕೋವಿಡ್‌ನಲ್ಲಿ ತಂದೆತಾಯಿ ಇಬ್ಬರನ್ನೂ ಕಳೆದುಕೊಂಡ ಮಕ್ಕಳಿಗಾಗಿ 2021ರ ಮೇ ತಿಂಗಳಲ್ಲಿ ಪಿಎಂ ಕೇರ್ಸ್ ಮಕ್ಕಳ ಯೋಜನೆ ಘೋಷಣೆಯಾಯಿತು. ಆ ಮಗುವಿಗೆ ಹದಿನೆಂಟು ತುಂಬುವ ಹೊತ್ತಿಗೆ ಅದರ ಹೆಸರಿನಲ್ಲಿ 10 ಲಕ್ಷ ರೂಪಾಯಿ ಇರುತ್ತದೆ. ಹದಿನೆಂಟರಿಂದ ಇಪ್ಪತ್ಮೂರರವರೆಗೆ ಅದರಿಂದ ತಿಂಗಳ ಭತ್ಯೆ, ಇಪ್ಪತ್ಮೂರಕ್ಕೆ ಪೂರ್ತಿ ಮೊತ್ತ. ಆ ಮಕ್ಕಳಿಗೆ ಸಿಕ್ಕದ್ದು ಸರಿಯಾದದ್ದೇ, ಒಂದು ರೂಪಾಯಿಯೂ ಹೆಚ್ಚಲ್ಲ. ಈ ಯೋಜನೆ ಮಾಡಿದವರಿಗೆ ಎರಡು ಸಂಗತಿ ಗೊತ್ತಿದ್ದವು: ಅನಾಥ ಮಗುವಿಗೆ ಹದಿನೆಂಟರ ನಂತರವೇ ಹಣ ಬೇಕಾಗುತ್ತದೆ, ಇಪ್ಪತ್ಮೂರರವರೆಗೂ ಬೇಕಾಗುತ್ತದೆ. ಹಾಗಾದರೆ ಅಪ್ಪ ಕ್ಷಯದಿಂದ ಸತ್ತು, ಅಮ್ಮ ಹೆರಿಗೆಯಲ್ಲಿ ಸತ್ತು ಬಾಲಮಂದಿರ ಸೇರಿದವಳು ಮಾಡಿದ ಪಾಪವೇನು? ಯಾವ ರೋಗದಿಂದ ಅಪ್ಪ ಅಮ್ಮ ಸತ್ತರು ಎಂಬುದರ ಮೇಲೆ ಮಗುವಿನ ಹಕ್ಕು ನಿರ್ಧಾರವಾಗಬಾರದು. ಒಂದೇ ಕೋಣೆಯಲ್ಲಿ ಮಲಗುವ ಇಬ್ಬರು ಮಕ್ಕಳಲ್ಲಿ ಒಬ್ಬಳು ಹತ್ತು ಲಕ್ಷದ ಒಡತಿ, ಇನ್ನೊಬ್ಬಳು ಅನುದಾನ ಬಂದರೆ ನಾಲ್ಕು ಸಾವಿರದ ಫಲಾನುಭವಿ.

ನಮ್ಮ ರಾಜ್ಯದ ಗ್ಯಾರಂಟಿ ಯೋಜನೆಗಳನ್ನೂ ಈ ಕಣ್ಣಿನಿಂದ ಒಮ್ಮೆ ನೋಡಿ. ಗೃಹಲಕ್ಷ್ಮಿಯ 2,000 ರೂಪಾಯಿ ಪಡಿತರ ಚೀಟಿಯಲ್ಲಿ ಯಜಮಾನಿ ಎಂದು ಇರುವವರಿಗೆ. ಅನ್ನಭಾಗ್ಯಕ್ಕೂ ಪಡಿತರ ಚೀಟಿ. ಯುವನಿಧಿಯ 3,000 ರೂಪಾಯಿಗೆ ಪದವಿ, 1,500ಕ್ಕೆ ಡಿಪ್ಲೊಮಾ ಇರಬೇಕು. ಪಿಜಿಯಲ್ಲಿ ಒಂದು ಮಂಚ ಹಿಡಿದುಕೊಂಡಿರುವ, ಪಿಯುಸಿ ಅಷ್ಟೇ ಮುಗಿಸಿದ, ಯಾವ ಪಡಿತರ ಚೀಟಿಯಲ್ಲೂ ಹೆಸರಿಲ್ಲದ ಹುಡುಗಿಗೆ ಇವೆಲ್ಲ ಅಂಗಡಿಯ ಗಾಜಿನ ಹಿಂದಿನ ಸಾಮಾನು. ಮನೆತನ ಕೇಳದೆ ಅವಳಿಗೆ ಸಿಗುವುದು ಶಕ್ತಿ ಯೋಜನೆಯ ಬಸ್ ಟಿಕೆಟ್ ಒಂದೇ. ಕುಟುಂಬವನ್ನೇ ಘಟಕ ಮಾಡಿಕೊಂಡು ಕಟ್ಟಿದ ಕಲ್ಯಾಣ ರಾಜ್ಯದಲ್ಲಿ ಕುಟುಂಬ ಇಲ್ಲದವರು ಎಲ್ಲ ಅರ್ಜಿಗಳಲ್ಲೂ ಒಂದು ಖಾಲಿ ಕಾಲಂ ಆಗುತ್ತಾರೆ. ಜಾತಿ ಪ್ರಮಾಣಪತ್ರಕ್ಕೆ ನಾಡಕಚೇರಿಗೆ ಹೋದರೆ ಅಪ್ಪನ ದಾಖಲೆ ತಾ ಎನ್ನುತ್ತಾರೆ, ಅಪ್ಪ ಯಾರೆಂದು ಗೊತ್ತಿಲ್ಲದವನು ಏನು ತರಬೇಕು? ಮಹಾರಾಷ್ಟ್ರ 2018ರಲ್ಲೇ ಅನಾಥರಿಗೆ ಶಿಕ್ಷಣ, ಸರ್ಕಾರಿ ಉದ್ಯೋಗಗಳಲ್ಲಿ ಶೇ. 1ರ ಮೀಸಲಾತಿ ತಂದಿತು. ಅದರ ಲಾಭ ಎಷ್ಟು ಜನರಿಗೆ ಮುಟ್ಟುತ್ತದೆ ಎಂಬುದು ಬೇರೆ ಮಾತು, ಆದರೆ ಇಂಥವರಿದ್ದಾರೆ ಎಂದು ಒಂದು ಸರ್ಕಾರ ಒಪ್ಪಿಕೊಂಡದ್ದೇ ದೊಡ್ಡದು.

ಇನ್ನು ಸಮುದ್ರದ ಆಚೆಗೆ. ಬ್ರಿಟನ್ನಿನ ವೇಲ್ಸ್ ಬಹಳ ಚಿಕ್ಕ ನಾಡು, ಅಲ್ಲಿನ ಜನಸಂಖ್ಯೆ ಬೆಂಗಳೂರಿಗಿಂತ ಎಷ್ಟೋ ಕಡಿಮೆ. ಮಕ್ಕಳ ಹಕ್ಕುಗಳ ಒಡಂಬಡಿಕೆಯನ್ನು ಮಂತ್ರಿಗಳು ಗಮನದಲ್ಲಿಟ್ಟುಕೊಳ್ಳಲೇಬೇಕೆಂದು 2011ರಲ್ಲೇ ಕಾನೂನು ಮಾಡಿಕೊಂಡ ನಾಡು ಅದು. ಮಾರ್ಕ್ ಡ್ರೇಕ್‌ಫರ್ಡ್ ಅಲ್ಲಿನ ಮುಖ್ಯಮಂತ್ರಿಯಾಗಿದ್ದಾಗ ಒಂದು ಪ್ರಯೋಗ ನಡೆಯಿತು. 2022ರ ಜುಲೈ 1ರಿಂದ 2023ರ ಜೂನ್ 30ರೊಳಗೆ ಹದಿನೆಂಟು ತುಂಬಿದ, ಸರ್ಕಾರದ ಪಾಲನೆಯಲ್ಲಿ ಬೆಳೆದ ಪ್ರತಿಯೊಬ್ಬರಿಗೂ ಎರಡು ವರ್ಷ ತಿಂಗಳಿಗೆ 1,600 ಪೌಂಡ್ ಕೊಡುವುದಾಗಿ ಹೇಳಿದರು. ಆಗಿನ ದರದಲ್ಲಿ ಅದು ಸುಮಾರು ಒಂದೂವರೆ ಲಕ್ಷ ರೂಪಾಯಿ. ತೆರಿಗೆ ಹಿಡಿದು ಕೈಗೆ ಬರುತ್ತಿದ್ದದ್ದು 1,280 ಪೌಂಡ್. ಕೊಟ್ಟ ಕೈಯಲ್ಲೇ ತೆರಿಗೆ ಕಿತ್ತುಕೊಳ್ಳುವ ಜಾಣತನ ಅಲ್ಲೂ ಇದೆ! ಆದರೆ ಷರತ್ತು ಇರಲಿಲ್ಲ. ಓದುತ್ತಿದ್ದರೂ ಸರಿ, ಕೆಲಸದಲ್ಲಿದ್ದರೂ ಸರಿ, ಎರಡೂ ಇಲ್ಲದೆ ಮನೆಯಲ್ಲಿದ್ದರೂ ಸರಿ. ಬೇಕೆಂದವರಿಗೆ ಮನೆ ಬಾಡಿಗೆ ನೇರ ಮಾಲೀಕನಿಗೆ ಹೋಗುವ ಏರ್ಪಾಡಿತ್ತು, ಹಣಕಾಸಿನ ಸಲಹೆ ಕೊಡುವವರಿದ್ದರು. 600ಕ್ಕೂ ಹೆಚ್ಚು ಯುವಜನ ಸೇರಿದರು. ಕಾರ್ಡಿಫ್ ವಿಶ್ವವಿದ್ಯಾಲಯದವರು ಅದರ ಮೌಲ್ಯಮಾಪನದ ಹೊಣೆ ಹೊತ್ತರು.

ಈ ಪ್ರಯೋಗವನ್ನು ಹೊಗಳುವವರ ಸಾಲಿನಲ್ಲಿ ನಾನಿದ್ದೇನೆ, ಪೂರ್ತಿ ಅಲ್ಲ. ಅಲ್ಲಿ 2023ರ ಜೂನ್ 30ರಂದು ಹದಿನೆಂಟು ತುಂಬಿದವನಿಗೆ ಎರಡು ವರ್ಷ ಹಣ ಬಂತು, ಜುಲೈ 1ರಂದು ತುಂಬಿದವನಿಗೆ ಏನೂ ಬರಲಿಲ್ಲ. ಪ್ರಯೋಗ ಎಂದರೆ ಹಾಗೆಯೇ, ಗೆರೆ ಎಳೆಯಲೇಬೇಕು ಎನ್ನುತ್ತಾರೆ ಸಮಾಜ ವಿಜ್ಞಾನಿಗಳು. ನನಗೆ ಅಲ್ಲಿಯ ಪ್ರಯೋಗಕ್ಕಿಂತ ಅದರ ಹಿಂದಿದ್ದ ಹಳೆಯ ಕಾನೂನು ಮುಖ್ಯವಾಗಿ ಕಾಣುತ್ತದೆ. ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ 2000ದಲ್ಲಿ, ಪಾಲನೆ ಬಿಟ್ಟು ಹೋಗುವವರಿಗೆಂದೇ ಒಂದು ಕಾಯ್ದೆ ಬಂತು. ಸ್ಥಳೀಯ ಸಂಸ್ಥೆ ಪ್ರತಿ ಯುವಕ ಯುವತಿಗೂ ಒಬ್ಬ ಆಪ್ತ ಸಲಹೆಗಾರನನ್ನು ಗೊತ್ತುಮಾಡಬೇಕು, ಮುಂದಿನ ದಾರಿಯ ಯೋಜನೆಯನ್ನು ಬರೆದು ಕಾಲಕಾಲಕ್ಕೆ ಪರಿಶೀಲಿಸಬೇಕು. ಇದು ಮಾಡಿದರೂ ಆಯಿತು ಬಿಟ್ಟರೂ ಆಯಿತು ಎಂಬ ಕೆಲಸವಲ್ಲ, ಮಾಡದಿದ್ದರೆ ಕೋರ್ಟು ಕೇಳುತ್ತದೆ. ವೇಲ್ಸ್ ಆ ನೆಲದ ಮೇಲೆ ನಿಂತು ಪ್ರಯೋಗ ಮಾಡಿತು. ನಮ್ಮಲ್ಲಿ ಆ ನೆಲವನ್ನೇ ಇನ್ನೂ ಗಟ್ಟಿ ಮಾಡಿಕೊಂಡಿಲ್ಲ.

ಷರತ್ತಿಲ್ಲದೆ ಹಣ ಕೊಟ್ಟರೆ ಹುಡುಗರು ಹಾಳುಮಾಡುತ್ತಾರೆ ಎಂಬ ಮಾತು ಈ ಸಭೆಯಲ್ಲೂ ಕೆಲವರ ಮನಸ್ಸಿನಲ್ಲಿರಬಹುದು. ಸಮಿತಿಯಲ್ಲಿದ್ದಾಗ ಹಿರಿಯ ಅಧಿಕಾರಿಗಳ ಬಾಯಲ್ಲೇ ಕೇಳಿದ್ದೇನೆ. ಕೆಲವರು ಹಾಳುಮಾಡುತ್ತಾರೆ, ನಿಜ. ಮೊದಲ ತಿಂಗಳ ಹಣದಲ್ಲಿ ಹೊಸ ಫೋನು ಕೊಂಡು ಎರಡನೇ ವಾರಕ್ಕೆ ಊಟಕ್ಕಿಲ್ಲದವರನ್ನು ನಾನೂ ನೋಡಿದ್ದೇನೆ. ನಮ್ಮ ಮನೆಯ ಮಕ್ಕಳೂ ಇಂಜಿನಿಯರಿಂಗ್ ಮೊದಲ ವರ್ಷ ಮಾಡುವುದು ಅದನ್ನೇ. ವ್ಯತ್ಯಾಸ ಇಷ್ಟೇ, ಹದಿನೈದನೇ ತಾರೀಖಿಗೆ ಅವರು ಅಮ್ಮನಿಗೆ ಫೋನು ಮಾಡುತ್ತಾರೆ, ಅಮ್ಮ ಅಪ್ಪನಿಗೆ ಗೊತ್ತಾಗದ ಹಾಗೆ ಐನೂರು ಕಳಿಸುತ್ತಾಳೆ. ತಪ್ಪು ಮಾಡಿ ಕಲಿಯುವ ಅವಕಾಶವನ್ನು ಹಣವಿದ್ದ ಮನೆಯ ಮಕ್ಕಳಿಗೆ ಮೀಸಲಿಟ್ಟು, ಇಲ್ಲದವರಿಂದ ಮಾತ್ರ ಮೊದಲ ದಿನದಿಂದಲೇ ಲೆಕ್ಕಪತ್ರ ಕೇಳುವುದು ನ್ಯಾಯವಲ್ಲ. ಬಾಲಮಂದಿರದಲ್ಲಿ ಹದಿನಾರಕ್ಕೇ ಸಣ್ಣ ಮೊತ್ತದ ತಿಂಗಳ ಕೈಖರ್ಚು ಕೊಟ್ಟು ರೂಢಿ ಮಾಡಿಸಿದರೆ ಈ ತಪ್ಪುಗಳು ಕಡಿಮೆಯಾಗುತ್ತವೆ. ಅದಕ್ಕೆ ಯಾವ ಹೊಸ ಕಾಯ್ದೆಯೂ ಬೇಕಿಲ್ಲ.

ಹಿಂದೆ ನಮ್ಮಲ್ಲಿ ಬಡ ಹುಡುಗರನ್ನು ಓದಿಸಿದ ಬಗೆ ನೆನಪಿದೆಯೇ? ವಾರಾನ್ನ ಎಂಬುದೊಂದಿತ್ತು. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ, ಹೀಗೆ ಏಳು ಮನೆಗಳಲ್ಲಿ ಉಂಡು ಓದಿದವರು ಆಮೇಲೆ ದೊಡ್ಡ ದೊಡ್ಡ ಹುದ್ದೆಗಳಿಗೆ ಹೋದರು. ಅದರಲ್ಲಿ ಜಾತಿಯ ಗೋಡೆ ಇತ್ತು, ಮರೆಮಾಚಬೇಕಿಲ್ಲ. ಆ ಗೋಡೆ ದಾಟಿಸಿದ್ದು ನಮ್ಮ ಮಠಗಳ, ಸಮುದಾಯಗಳ ಉಚಿತ ವಿದ್ಯಾರ್ಥಿನಿಲಯಗಳು. ತುಮಕೂರಿನ ಸಿದ್ಧಗಂಗೆಯಲ್ಲಿ ಶಿವಕುಮಾರ ಸ್ವಾಮಿಗಳ ಕಾಲದಲ್ಲಿ ಸಾವಿರಾರು ಮಕ್ಕಳು ಉಂಡು ಓದಿದರು. ಈ ಎಲ್ಲ ಏರ್ಪಾಡುಗಳಲ್ಲಿ ಒಂದು ಸಾಮಾನ್ಯ ಗುಣ ಇತ್ತು. ಹುಡುಗನ ಊಟ ನಿಲ್ಲುತ್ತಿದ್ದದ್ದು ಅವನ ಓದು ಮುಗಿದಾಗ, ಕೆಲಸ ಸಿಕ್ಕಾಗ. ನಿನಗೆ ಹದಿನೆಂಟಾಯಿತು, ನಾಳೆಯಿಂದ ಗುರುವಾರದ ಊಟಕ್ಕೆ ಬರಬೇಡ ಎಂದು ಯಾವ ಅಜ್ಜಿಯೂ ಹೇಳಲಿಲ್ಲ. ಇಪ್ಪತ್ತೊಂದು, ಇಪ್ಪತ್ಮೂರು ಎಂಬ ವಯಸ್ಸಿನ ಮಿತಿಗಿಂತ ಓದು ಅಥವಾ ತರಬೇತಿ ಮುಗಿದು ಆರು ತಿಂಗಳು ಎಂಬ ಮಿತಿ ನನಗೆ ಹೆಚ್ಚು ಸರಿ ಎನಿಸುತ್ತದೆ. ಹುಟ್ಟಿದ ತಾರೀಖೇ ಅಂದಾಜಿನದು ಎಂದಮೇಲೆ ಅದಕ್ಕೆ ಇಷ್ಟು ಜೋತುಬೀಳುವುದು ಯಾಕೆ?

ಹಣ ಎಲ್ಲಿಂದ ಬರಬೇಕು ಎಂಬ ಪ್ರಶ್ನೆಗೆ ಒಂದು ಕೈಲೆಕ್ಕ. ಸಾವಿರ ಯುವಜನರಿಗೆ ತಿಂಗಳಿಗೆ 10,000 ರೂಪಾಯಿಯಂತೆ ಕೊಟ್ಟರೆ ವರ್ಷಕ್ಕೆ 12 ಕೋಟಿ. ಇದರ ಎರಡರಷ್ಟು, ಮೂರರಷ್ಟು ಜನ ಎಂದಿಟ್ಟುಕೊಂಡರೂ 36 ಕೋಟಿ ದಾಟುವುದಿಲ್ಲ. ಗ್ಯಾರಂಟಿಗಳಿಗೆ 2024-25ರ ಬಜೆಟ್ಟಿನಲ್ಲಿ ನಮ್ಮ ರಾಜ್ಯ ಸುಮಾರು 52 ಸಾವಿರ ಕೋಟಿ ರೂಪಾಯಿ ತೆಗೆದಿಟ್ಟಿತ್ತು. ಅದು ತಪ್ಪೆಂದು ನಾನು ಹೇಳುವವನಲ್ಲ, ಆ ಹಣ ಮುಟ್ಟಿದ ಮನೆಗಳನ್ನು ಕಂಡಿದ್ದೇನೆ. ಅದರ ಪಕ್ಕದಲ್ಲಿ ಈ ಮೊತ್ತ ಅಂಚಿನ ಟಿಪ್ಪಣಿಯಷ್ಟೂ ಆಗುವುದಿಲ್ಲ. ಕೊಡದಿರುವುದಕ್ಕೆ ಖಜಾನೆ ಕಾರಣವಲ್ಲ. ಈ ಹುಡುಗ ಹುಡುಗಿಯರಿಗೆ ಸಂಘವಿಲ್ಲ, ಮತಗಟ್ಟೆಯಲ್ಲಿ ಸಂಖ್ಯೆಯಿಲ್ಲ, ಇವರ ಪರವಾಗಿ ಶಾಸಕರ ಮನೆ ಮುಂದೆ ಹೋಗಿ ಕೂರುವ ಅಪ್ಪ ಅಮ್ಮ ಇಲ್ಲ.

ಆದ್ದರಿಂದ ಸರ್ಕಾರದಿಂದ ಕೇಳಬೇಕಾದದ್ದು ಇಷ್ಟು. ಅನುಪಾಲನೆಯ ಹಣ ಅರ್ಹರಿಗೆಲ್ಲ ಸಲ್ಲತಕ್ಕದ್ದು ಎಂದು ಕಾಯ್ದೆಯಲ್ಲೇ ಬರೆಯಲಿ. ಸಂಸತ್ತು ಬರೆಯುವವರೆಗೆ ರಾಜ್ಯ ತನ್ನ ಆದೇಶದಲ್ಲಾದರೂ ಬರೆಯಲಿ. ತಿರಸ್ಕರಿಸಿದರೆ ಕಾರಣವನ್ನು ಲಿಖಿತವಾಗಿ ಕೊಟ್ಟು, ಮೇಲ್ಮನವಿಗೆ ಜಾಗ ಇಡಲಿ. ಮೊತ್ತ ಬೆಲೆಯೇರಿಕೆಯ ಜೊತೆ ಏರಲಿ, ನಿಮ್ಮ ತುಟ್ಟಿಭತ್ಯೆ ಏರುವ ಹಾಗೆ. ಆಧಾರ್, ಬ್ಯಾಂಕ್ ಖಾತೆ, ಪಡಿತರ ಚೀಟಿ, ಸ್ವಂತ ಮೊಬೈಲ್ ನಂಬರು ಹದಿನೇಳಕ್ಕೇ ಕೈ ಸೇರಲಿ.

ನಿಮ್ಮಿಂದ ಕೇಳುವುದೂ ಒಂದಿದೆ. ಮಾದರಿ ನಿಯಮಗಳ ಅದೇ 25ನೇ ನಿಯಮದ ಪ್ರಕಾರ ಜಿಲ್ಲಾ ಮಕ್ಕಳ ರಕ್ಷಣಾ ಘಟಕ, ಅನುಪಾಲನೆಗೆ ಕೈಜೋಡಿಸಬಯಸುವ ಸಂಸ್ಥೆಗಳ ಮತ್ತು ವ್ಯಕ್ತಿಗಳ ಪಟ್ಟಿಯೊಂದನ್ನು ಇಟ್ಟುಕೊಂಡಿರಬೇಕು. ವ್ಯಕ್ತಿಗಳು ಎಂದರೆ ನಾವು ನೀವೇ. ಮಹಡಿಯ ಮೇಲೆ ಖಾಲಿ ಬಿದ್ದಿರುವ ಕೋಣೆಯನ್ನು ಅಡ್ವಾನ್ಸ್ ಕೇಳದೆ ಬಾಡಿಗೆಗೆ ಕೊಡಬಲ್ಲವರು, ಅಂಗಡಿಯಲ್ಲಿ ಕೆಲಸ ಕಲಿಸಬಲ್ಲವರು, ಕಾಲೇಜಿನ ಅರ್ಜಿ ತುಂಬಿಸಿ ಬ್ಯಾಂಕಿನಲ್ಲಿ ಪಕ್ಕಕ್ಕೆ ನಿಲ್ಲಬಲ್ಲ ನಿವೃತ್ತ ಮೇಷ್ಟ್ರುಗಳು ಈ ಸಭಾಂಗಣದಲ್ಲೇ ಬೇಕಾದಷ್ಟು ಜನ ಇದ್ದೀರಿ. ಘಟಕದ ಕಚೇರಿ ಪ್ರತಿ ಜಿಲ್ಲಾ ಕೇಂದ್ರದಲ್ಲೂ ಇದೆ. ಹೋಗಿ, ಆ ಪಟ್ಟಿ ಎಲ್ಲಿದೆ ಎಂದು ಕೇಳಿ. ಇದ್ದರೆ ನಿಮ್ಮ ಹೆಸರು ಬರೆಸಿ, ಇಲ್ಲದಿದ್ದರೆ ನಿಮ್ಮ ಹೆಸರಿನಿಂದಲೇ ಶುರುಮಾಡಿ ಎನ್ನಿ.